ಸಂಬಳ ಕೊಡುವ ಸರ್ಕಾರದ ವಿರುದ್ಧ ತೀರ್ಪು ಬರುತ್ತಾ?

ಮಕ್ಕಳನ್ನು ಮೆಡಿಕಲ್ ಓದಿಸೋಕೆ ಗಯಾನಾ, ಬಾರ್ಬಡೋಸ್ ಕಡೆ ಕಳಿಸಿದ ಅಪ್ಪ-ಅಮ್ಮಂದಿರಿಂದ ಕೆರಿಬಿಯನ್ ಕೋರ್ಟ್ ಆಫ್ ಜಸ್ಟಿಸ್ (ಆ ಭಾಗದ ಹಲವು ದೇಶಗಳು ಸೇರಿ ಕಟ್ಟಿಕೊಂಡ ಕೋರ್ಟು) ಬಗ್ಗೆ ಅದದೇ ಪ್ರಶ್ನೆ ಬರುತ್ತಿದೆ. ಒಂದೇ ಸಲ ಉತ್ತರಿಸಿಬಿಡುತ್ತೇನೆ.

ಪ್ರಶ್ನೆ: ನಮ್ಮ ಸುಪ್ರೀಂ ಕೋರ್ಟ್‌ನಲ್ಲಿ ಸೋತ ಜಮೀನು ಕೇಸನ್ನು ಇಂಥ ಅಂತರರಾಷ್ಟ್ರೀಯ ಕೋರ್ಟಿಗೆ ಒಯ್ಯಬಹುದಾ ಸರ್?

ಆಗಲ್ಲ. ಹೇಗ್‌ನ ಕೋರ್ಟ್ ದೇಶ ದೇಶಗಳ ವ್ಯಾಜ್ಯ ಮಾತ್ರ ಕೇಳುತ್ತದೆ, ಬ್ರಿಟಿಷರ ಕಾಲದಲ್ಲಿ ಕೊನೆಯ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಇಲ್ಲಿಂದ ಹೋಗುತ್ತಿದ್ದ ಅಪೀಲು 1949ರಲ್ಲೇ ನಿಂತಿತು. ಫೈಲ್ ಮಾಡಿಸಿಕೊಡ್ತೀನಿ ಅಂತ ಅಡ್ವಾನ್ಸ್ ಕೇಳುವವನನ್ನು ಬಾಗಿಲಲ್ಲೇ ಕಳಿಸಿ.

ಪ್ರಶ್ನೆ: ಹಲವು ಸರ್ಕಾರಗಳು ಸೇರಿ ನಡೆಸುವ ಕೋರ್ಟು. ಸಂಬಳ ಕೊಡುವವರ ವಿರುದ್ಧ ಆ ನ್ಯಾಯಮೂರ್ತಿಗಳು ತೀರ್ಪು ಕೊಡುತ್ತಾರಾ?

ಕೊಟ್ಟಿದ್ದಾರೆ. ಗಯಾನಾ ಸಂಸತ್ತಿನಲ್ಲಿ 65 ಸದಸ್ಯರು. 2018ರ ಡಿಸೆಂಬರ್‌ನಲ್ಲಿ ಅವಿಶ್ವಾಸ ನಿರ್ಣಯ ಬಂತು, ಆಡಳಿತ ಪಕ್ಷದ ಒಬ್ಬ ಸದಸ್ಯ ತನ್ನ ಸರ್ಕಾರದ ವಿರುದ್ಧವೇ ವೋಟು ಹಾಕಿದ. ಪರ 33, ವಿರುದ್ಧ 32. ಸರ್ಕಾರದವರು ತೆಗೆದ ಲೆಕ್ಕ ನೋಡಿ: 65ರ ಅರ್ಧ ಮೂವತ್ತೆರಡೂವರೆ, ಅರ್ಧ ಮನುಷ್ಯ ಅಂತ ಇರಲ್ಲ, ಹಾಗಾಗಿ 33 ಅಂತಿಟ್ಟುಕೊಳ್ಳಿ, ಅದರ ಮೇಲೆ ಇನ್ನೊಂದು, ಒಟ್ಟು 34 ಇದ್ದರೆ ಮಾತ್ರ ಬಹುಮತ! ಅಲ್ಲಿನ ಅಪೀಲು ಕೋರ್ಟ್ ಇದನ್ನು ಒಪ್ಪಿಯೂ ಬಿಟ್ಟಿತ್ತು. 2019ರ ಜೂನ್‌ನಲ್ಲಿ ಕೆರಿಬಿಯನ್ ಕೋರ್ಟು 33 ಸಾಕು, ನಿರ್ಣಯ ಪಾಸಾಗಿದೆ ಎಂದಿತು.

ಇಷ್ಟು ಧೈರ್ಯ ಸುಮ್ನೆ ಬರಲ್ಲ. 2005ರಲ್ಲಿ ಕೋರ್ಟ್ ಶುರುವಾಗುವ ಮುಂಚೆಯೇ ಕೆರಿಬಿಯನ್ ಅಭಿವೃದ್ಧಿ ಬ್ಯಾಂಕಿನ ಮೂಲಕ 10 ಕೋಟಿ ಅಮೆರಿಕನ್ ಡಾಲರ್ ಎತ್ತಿ ಒಂದು ಟ್ರಸ್ಟ್ ನಿಧಿ ಮಾಡಿದರು. ಸಾಲ ತೀರಿಸುವ ಹೊಣೆ ಸರ್ಕಾರಗಳದ್ದು, ಆದರೆ ಸಂಬಳ, ಖರ್ಚು ನಡೆಯುವುದು ನಿಧಿಯ ಗಳಿಕೆಯಲ್ಲಿ. ಯಾವ ಪ್ರಧಾನಿಗೂ ಸಿಟ್ಟು ಬಂತೆಂದು ಸಂಬಳ ತಡೆಯೋಕೆ ಆಗಲ್ಲ. ನ್ಯಾಯಮೂರ್ತಿಗಳನ್ನು ಆರಿಸುವುದೂ ವಕೀಲರ ಸಂಘ, ಕಾನೂನು ಕಾಲೇಜು, ನಾಗರಿಕ ಸಂಘಟನೆಗಳಿಂದ ಬಂದವರಿರುವ ಆಯೋಗ. ಹುದ್ದೆಗೆ ಜಾಹೀರಾತು ಹಾಕುತ್ತಾರೆ. ಹೊರಗಿನವರೂ ಬರಬಹುದು, ಮೊದಲ ತಂಡದಲ್ಲೇ ಇಂಗ್ಲೆಂಡಿನ ಡೇವಿಡ್ ಹೇಟನ್, ನೆದರ್ಲೆಂಡ್ಸ್‌ನ ಜೇಕಬ್ ವಿಟ್ ಇದ್ದರು. ಸರ್ಕಾರಗಳ ಮುಖ್ಯಸ್ಥರು ನೇಮಿಸುವುದು ಕೋರ್ಟಿನ ಅಧ್ಯಕ್ಷರನ್ನು ಮಾತ್ರ, ಅದೂ ಆಯೋಗ ಶಿಫಾರಸು ಮಾಡಿದವರನ್ನೇ, ಮುಕ್ಕಾಲು ಪಾಲು ದೇಶಗಳು ಒಪ್ಪಿದರೆ. ನನಗಿರುವ ಅಳುಕು ಒಂದೇ. ನಿಧಿಯ ಗಳಿಕೆ ಬೆಲೆಯೇರಿಕೆಗೆ ಸರಿಸಮ ಬರದಿದ್ದರೆ ಕೋರ್ಟು ಮತ್ತೆ ಸರ್ಕಾರಗಳ ಮುಂದೆಯೇ ಕೈ ಚಾಚಬೇಕಾಗುತ್ತದೆ.

ಪ್ರಶ್ನೆ: ಕೋರ್ಟ್ ಇರುವುದು ಟ್ರಿನಿಡಾಡ್‌ನಲ್ಲಿ, ಅಂದಮೇಲೆ ಅಲ್ಲಿಯವರ ಕೇಸೆಲ್ಲ ಅಲ್ಲೇ ಮುಗಿಯುತ್ತೆ, ಅಲ್ವಾ?

ಇಲ್ಲ. ಟ್ರಿನಿಡಾಡ್ ಕಟ್ಟಡ ಕೊಟ್ಟಿದೆ, ಅಪೀಲು ಮಾತ್ರ ಈಗಲೂ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ!

ಪ್ರಶ್ನೆ: ಮಗಳು ಗ್ರೆನಾಡಾದಲ್ಲಿ ಓದುತ್ತಾಳೆ. ಕಾಲೇಜು ಫೀಸಿನ ತಕರಾರಿದೆ. ನೇರವಾಗಿ ಕೆರಿಬಿಯನ್ ಕೋರ್ಟಿಗೆ ಹೋಗಿ ಅಂತಾರೆ ನಮ್ಮ ಏಜೆಂಟ್.

ನಿಮ್ಮ ಏಜೆಂಟರಿಗೆ ಭೂಪಟವೂ ಗೊತ್ತಿಲ್ಲ, ಕಾನೂನೂ ಗೊತ್ತಿಲ್ಲ. ಅಲ್ಲಿಗೆ ಅಪೀಲು ಹೋಗುವುದು ಬಾರ್ಬಡೋಸ್, ಗಯಾನಾ, ಬೆಲೀಜ್, ಡೊಮಿನಿಕಾ, ಸೇಂಟ್ ಲೂಸಿಯಾದಿಂದ, ಅದೂ ಆಯಾ ದೇಶದ ಕೋರ್ಟುಗಳು ಮುಗಿದ ಮೇಲೆ. ಗ್ರೆನಾಡಾದ ಜನ 2016ರಲ್ಲೂ 2018ರಲ್ಲೂ ಓಟು ಹಾಕಿ ಈ ಕೋರ್ಟಿಗೆ ಅಪೀಲು ಬೇಡ ಅಂದರು. ಮೊದಲು ಕಾಲೇಜಿನ ಫೀಸ್ ವಾಪಸಾತಿ ನಿಯಮ ಓದಿ, ಅಲ್ಲಿನ ವಕೀಲರನ್ನೇ ಕೇಳಿ. ಏಜೆಂಟ್ ಇಲ್ಲಿ ದುಡ್ಡು ತಗೊಂಡಿದ್ದರೆ ರಸೀದಿ ಹಿಡಿದು ಇಲ್ಲಿನ ಗ್ರಾಹಕ ಆಯೋಗಕ್ಕೆ ಹೋಗಿ. ರಸೀದಿ ಕೊಟ್ಟಿಲ್ಲವಾದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿಟ್ಟುಕೊಳ್ಳಿ, ಇವತ್ತೇ.