ಒಂದೇ ಪ್ರಶ್ನೆ ಸಾಕಾ?

ಪ್ರಶ್ನೆ: ನಾನು ಅಪರಾಧಶಾಸ್ತ್ರದ ವಿದ್ಯಾರ್ಥಿನಿ. ಎಂಥವರ ಮೇಲೆ ಹಿಂಸೆ ಜಾಸ್ತಿ ನಡೆಯುತ್ತದೆ ಅಂತ ಸರ್ವೆ ಮಾಡುತ್ತಿದ್ದೇನೆ. ವಯಸ್ಸು, ಆದಾಯದ ಕೆಳಗೆ ‘ನಿಮ್ಮ ಲೈಂಗಿಕತೆ ಏನು?’ ಅಂತ ಒಂದು ಸಾಲು ಸೇರಿಸಿದರೆ ಸಾಕಲ್ವಾ?

ಉತ್ತರ: ಸೇರಿಸಬೇಕು ಅಂತ ಹೊಳೆದಿದ್ದೇ ಸಂತೋಷ. ಅಮೆರಿಕದಲ್ಲಿ ಅಪರಾಧಕ್ಕೆ ಗುರಿಯಾದವರ ಬಗ್ಗೆ 1970ರ ದಶಕದಿಂದ ರಾಷ್ಟ್ರೀಯ ಸಮೀಕ್ಷೆ ನಡೆಯುತ್ತಿದೆ. ಲೈಂಗಿಕ ಒಲವಿನ ಪ್ರಶ್ನೆ ಅದರೊಳಗೆ ಬಂದಿದ್ದು 2016ರಲ್ಲಿ!

ಆದರೆ ಒಂದು ಸಾಲು ಸಾಲದು. ಯಾರ ಕಡೆ ಮನಸ್ಸು ಹೋಗುತ್ತದೆ, ಯಾರ ಜೊತೆ ಸಂಬಂಧ ಇದೆ, ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೆ, ಈ ಮೂರೂ ಬೇರೆ ಬೇರೆ. ಗಂಡಸರ ಜೊತೆ ಸಂಬಂಧವಿದ್ದೂ ‘ನಾನು ಗೇ ಅಲ್ಲ’ ಅನ್ನುವ ಗಂಡಸರಿದ್ದಾರೆ, ಹಾಗಂತ ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಸಂಗಾತಿಯ ಹಿಂಸೆ ನಿಮ್ಮ ವಿಷಯವಾದರೆ ಸಂಗಾತಿ ಯಾರು ಅಂತ ಕೇಳಿ. ದ್ವೇಷದ ಹಲ್ಲೆಯಾದರೆ ಲೆಕ್ಕವೇ ಬೇರೆ, ಅಲ್ಲಿ ಹೊಡೆದವನು ಏನಂದುಕೊಂಡ ಅನ್ನುವುದು ಮುಖ್ಯ. ಬರೀ ಅನುಮಾನದ ಮೇಲೆ ಏಟು ತಿಂದವರೂ ಇರುತ್ತಾರೆ.

ಇನ್ನೊಂದು, ಹೆಚ್ಚಿನವರು ಎಡವುವುದು ಇಲ್ಲೇ. 10,000 ಜನರನ್ನು ಕೇಳಿದಿರಿ, ಅವರಲ್ಲಿ ನಿಜವಾಗಿ 300 ಜನ ಗೇ ಅಥವಾ ಲೆಸ್ಬಿಯನ್ ಅಂತಿಟ್ಟುಕೊಳ್ಳಿ. ಉಳಿದ 9,700ರಲ್ಲಿ ನೂರಕ್ಕೆ ಒಬ್ಬರು ಪ್ರಶ್ನೆ ಅರ್ಥವಾಗದೆಯೋ ಸುಮ್ನೆ ತಮಾಷೆಗೋ ತಪ್ಪು ಕಡೆ ಟಿಕ್ ಹಾಕಿದರೆ 97 ಜನ ಈ ಗುಂಪಿಗೆ ಬಂದು ಸೇರುತ್ತಾರೆ. ನಿಮ್ಮ ಕೈಲಿರುವ 397ರಲ್ಲಿ ಕಾಲು ಭಾಗ ಬೇರೆಯವರೇ! ಅದರ ಮೇಲೆ ಎಂಥ ಲೆಕ್ಕ ಹಾಕಿದರೂ ಏನು ಬಂತು? ಅದಕ್ಕೇ ಪದಗಳು ಸರಳವಾಗಿರಲಿ, ‘ಗೊತ್ತಿಲ್ಲ’, ‘ಹೇಳಲು ಇಷ್ಟವಿಲ್ಲ’ ಎರಡೂ ಇರಲಿ.

ಸಂಖ್ಯೆ ಕಡಿಮೆ ಬಂತು ಅಂತ ಎಲ್ಲರನ್ನೂ ಒಂದೇ ಡಬ್ಬಿಗೆ ತುಂಬಬೇಡಿ. 2010ರಲ್ಲಿ ಅಮೆರಿಕದ ಇನ್ನೊಂದು ಸಮೀಕ್ಷೆಯಲ್ಲಿ ಸಂಗಾತಿಯಿಂದ ಅತ್ಯಾಚಾರ, ಹೊಡೆತ ಅಥವಾ ಹಿಂಬಾಲಿಸಿ ಕಾಡುವುದು, ಇವುಗಳಲ್ಲಿ ಯಾವುದಾದರೂ ಒಂದನ್ನು ಜೀವನದಲ್ಲಿ ಅನುಭವಿಸಿದ್ದಾಗಿ ಹೇಳಿದ ಲೆಸ್ಬಿಯನ್ನರು ಸುಮಾರು ಶೇ. 44, ಬೈಸೆಕ್ಷುವಲ್ (ಗಂಡು, ಹೆಣ್ಣು ಇಬ್ಬರ ಕಡೆಗೂ ಒಲವಿರುವ) ಹೆಂಗಸರು ಶೇ. 61. ಸ್ಟ್ರೇಟ್, ಅಂದರೆ ಗಂಡಸರ ಕಡೆಗಷ್ಟೇ ಒಲವಿರುವ ಹೆಂಗಸರು ಶೇ. 35. ಮೊದಲೆರಡನ್ನು ಕೂಡಿಸಿಬಿಟ್ಟಿದ್ದರೆ ಆ 61 ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹ್ಞಾಂ, ಮನೆಯವರು ಪಕ್ಕದಲ್ಲೇ ಕೂತಿರುವಾಗ ಈ ಪ್ರಶ್ನೆಯನ್ನು ಜೋರಾಗಿ ಓದಿ ಕೇಳಬೇಡಿ, ಮಾರಾಯ್ರೇ. ಟ್ಯಾಬ್ಲೆಟ್ ಉತ್ತರ ಕೊಡುವವರ ಕೈಗೇ ಕೊಟ್ಟು, ಟಿಕ್ ಹಾಕುವಷ್ಟು ಹೊತ್ತು ಬೇರೆ ಕಡೆ ನೋಡಿ.