ವಿಪಿಎನ್ ಕನೆಕ್ಟ್ ಆಗಿದೆ, ಆದ್ರೂ ಆಫೀಸ್ ಸರ್ವರ್ ಸಿಗ್ತಿಲ್ಲ ಅಂದ್ರೆ ಮೊದಲು ರೂಟ್ ನೋಡಿ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ವಿಪಿಎನ್ (ಮನೆಯಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ಕನೆಕ್ಷನ್) ಕನೆಕ್ಟ್ ಆಗುತ್ತದೆ, ಹಸಿರು ಗುರುತು ಬರುತ್ತದೆ, ಇಂಟರ್ನೆಟ್ ಕೂಡ ನಡೆಯುತ್ತದೆ. ಆದರೆ ಮನೆಯ ವೈಫೈನಲ್ಲಿ ಇದ್ದಾಗ ಆಫೀಸಿನ ಫೈಲ್ ಸರ್ವರ್ 192.168.1.20 ತೆರೆಯುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ಅದೇ ಲ್ಯಾಪ್‌ಟಾಪ್, ಅದೇ ವಿಪಿಎನ್, ತಕ್ಷಣ ತೆರೆಯುತ್ತದೆ. ಇದಕ್ಕೆ ಇಲ್ಲಿ ಕೆಲವರು ಕ್ಲೈಂಟ್ (ಲ್ಯಾಪ್‌ಟಾಪ್‌ನಲ್ಲಿರುವ ವಿಪಿಎನ್ ಪ್ರೋಗ್ರಾಂ) ತೆಗೆದು ಮತ್ತೆ ಹಾಕಿ ಅಂದಿದ್ದಾರೆ, ಫೈರ್‌ವಾಲ್ ಆಫ್ ಮಾಡಿ ಅಂದಿದ್ದಾರೆ. ಎರಡೂ ಈಗ ಬೇಡ. ಹಾಟ್‌ಸ್ಪಾಟ್‌ನಲ್ಲಿ ಬರುತ್ತಿದೆ ಅನ್ನುವ ಒಂದೇ ಮಾತಿನಿಂದ ಎಷ್ಟೋ ಗೊತ್ತಾಗುತ್ತದೆ. ಕ್ಲೈಂಟ್ ಸರಿ ಇದೆ, ಪಾಸ್‌ವರ್ಡ್ ಸರಿ ಇದೆ, ಆಫೀಸ್ ಕಡೆಯ ಸರ್ವರ್ ಕೂಡ ಸರಿ ಇದೆ. ಪ್ಯಾಕೆಟ್ (ಡೇಟಾದ ತುಂಡು) ಮಾತ್ರ ದಾರಿ, ಅಂದರೆ ರೂಟ್, ತಪ್ಪುತ್ತಿದೆ.

ನಿಮ್ಮ ಮನೆ ರೂಟರ್ ಕೊಡುವ ಅಡ್ರೆಸ್ ಯಾವುದು ನೋಡಿ. ಅದೂ 192.168.1 ಅಂತಲೇ ಶುರುವಾಗುತ್ತದೆ ಅಂತ ನನಗೆ ಬಲವಾದ ಅನುಮಾನ. ಖಾಸಗಿ ನೆಟ್‌ವರ್ಕ್‌ಗೆ ಅಂತ ಮೀಸಲಿಟ್ಟ ಅಡ್ರೆಸ್‌ಗಳು ಮೂರೇ ಗುಂಪು: 10.0.0.0/8, 172.16.0.0/12, 192.168.0.0/16. (ಸ್ಲ್ಯಾಷ್ ಮುಂದಿನ ಅಂಕಿ, ಅಡ್ರೆಸ್‌ನ ಮೊದಲ ಎಷ್ಟು ಬಿಟ್ ನೆಟ್‌ವರ್ಕ್‌ನದು ಅಂತ ಹೇಳುತ್ತದೆ.) ಮನೆ ರೂಟರ್‌ಗಳಲ್ಲಿ ಜಾಸ್ತಿ ಕಾಣುವುದು 192.168.0 ಇಲ್ಲವೇ 192.168.1. ಆಫೀಸ್ ನೆಟ್‌ವರ್ಕ್ ಕಟ್ಟಿದವರೂ ಅದನ್ನೇ ಇಟ್ಟುಕೊಂಡಿದ್ದರೆ ಎರಡು ಬೀದಿಗೆ ಒಂದೇ ಹೆಸರು ಇಟ್ಟ ಹಾಗೆ. 192.168.1.20 ಅಂದ ತಕ್ಷಣ ನಿಮ್ಮ ಲ್ಯಾಪ್‌ಟಾಪ್ "ಇದು ಪಕ್ಕದಲ್ಲೇ ಇದೆ" ಅಂದುಕೊಂಡು ವೈಫೈನಲ್ಲೇ ಹುಡುಕುತ್ತದೆ. ಟನೆಲ್ (ವಿಪಿಎನ್ ಆಫೀಸ್‌ವರೆಗೆ ಹಾಕಿದ ದಾರಿ) ಕಡೆ ತಿರುಗಿಯೂ ನೋಡುವುದಿಲ್ಲ.

ಅನುಮಾನ ಬೇಡ, ಸಿಸ್ಟಮ್ ಅನ್ನೇ ಕೇಳಿ. ವಿಂಡೋಸ್‌ನಲ್ಲಿ ವಿಪಿಎನ್ ಕನೆಕ್ಟ್ ಮಾಡಿ, ಕಮಾಂಡ್ ಪ್ರಾಂಪ್ಟ್ ತೆರೆದು "ರೂಟ್ ಪ್ರಿಂಟ್" ಕೊಡಿ. ಐಪಿವಿ4 ಪಟ್ಟಿಯಲ್ಲಿ ಹೀಗೆ ಎರಡು ಸಾಲು ಕಾಣಬಹುದು:

192.168.1.0, ಮಾಸ್ಕ್ 255.255.255.0, ಗೇಟ್‌ವೇ ಜಾಗದಲ್ಲಿ ಆನ್-ಲಿಂಕ್, ಇಂಟರ್‌ಫೇಸ್ 192.168.1.7, ಮೆಟ್ರಿಕ್ 306
192.168.1.0, ಮಾಸ್ಕ್ 255.255.255.0, ಗೇಟ್‌ವೇ 10.8.0.1, ಇಂಟರ್‌ಫೇಸ್ 10.8.0.6, ಮೆಟ್ರಿಕ್ 320

ಮೊದಲನೆಯದು ನಿಮ್ಮ ವೈಫೈ, ಎರಡನೆಯದು ಟನೆಲ್. ಗೇಟ್‌ವೇ ಅಂದರೆ ಪ್ಯಾಕೆಟ್ ಹೊರಗೆ ಹೋಗುವ ಬಾಗಿಲು, ಆನ್-ಲಿಂಕ್ ಅಂದರೆ ಬಾಗಿಲು ಬೇಡ, ಇಲ್ಲೇ ಇದೆ ಅಂತ. ಇಂಟರ್‌ಫೇಸ್ ಅಂದರೆ ಆ ಕನೆಕ್ಷನ್‌ನಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ಅಡ್ರೆಸ್, ಮೆಟ್ರಿಕ್ ಅಂದರೆ ಆ ದಾರಿಯ ವೆಚ್ಚ. (ಅಂಕಿಗಳು ನಿಮ್ಮಲ್ಲಿ ಬೇರೆ ಇರುತ್ತವೆ, ನೋಡಬೇಕಾದ್ದು ಒಂದೇ ನೆಟ್‌ವರ್ಕ್ ಎರಡು ಸಲ ಬಂದಿದೆಯಾ ಅಂತ.) ಯಾವ ಸಾಲು ಗೆಲ್ಲುತ್ತದೆ? ಇಲ್ಲಿ ತುಂಬಾ ಜನ ಮೆಟ್ರಿಕ್ ಒಂದನ್ನೇ ನೋಡಿ ಎಡವುತ್ತಾರೆ. ಮೊದಲ ನಿಯಮ ಮಾಸ್ಕ್ (ಸ್ಲ್ಯಾಷ್ ಅಂಕಿಯನ್ನೇ ಬರೆಯುವ ಇನ್ನೊಂದು ರೀತಿ, 255.255.255.0 ಅಂದರೆ /24). ಯಾವ ರೂಟ್ ಹೆಚ್ಚು ನಿಖರವಾಗಿದೆಯೋ, ಅಂದರೆ ಸ್ಲ್ಯಾಷ್ ಮುಂದಿನ ಅಂಕಿ ಯಾವುದಕ್ಕೆ ದೊಡ್ಡದೋ, ಅದಕ್ಕೇ ಗೆಲುವು. ಎರಡೂ ಸಮ ಆದಾಗ ಮಾತ್ರ ಮೆಟ್ರಿಕ್ ಲೆಕ್ಕಕ್ಕೆ ಬರುತ್ತದೆ, ಚಿಕ್ಕ ಮೆಟ್ರಿಕ್ ಗೆಲ್ಲುತ್ತದೆ. ಮೇಲಿನ ಉದಾಹರಣೆಯಲ್ಲಿ ಎರಡೂ /24, ಹಾಗಾಗಿ 306 ಇರುವ ವೈಫೈ ಗೆದ್ದಿತು.

ಹಾಗಂತ ಸುಮ್ನೆ ಟನೆಲ್ ಮೆಟ್ರಿಕ್ ಇಳಿಸಬೇಡಿ. ಆಗ ಟನೆಲ್ ಗೆಲ್ಲುತ್ತದೆ, ನಿಜ. ಆದರೆ ನಿಮ್ಮ ಮನೆಯ ಪ್ರಿಂಟರ್ ಮಾಯ ಆಗುತ್ತದೆ. ಡಿಎನ್ಎಸ್‌ಗೆ (ಹೆಸರು ಕೊಟ್ಟರೆ ಅಡ್ರೆಸ್ ಹೇಳುವ ವ್ಯವಸ್ಥೆ) ಮನೆ ರೂಟರ್ 192.168.1.1 ಇದ್ದರೆ ಆ ಪ್ರಶ್ನೆಗಳೂ ಆಫೀಸ್ ಕಡೆ ಹೋಗಿ ಉತ್ತರ ಇಲ್ಲದೆ ಸಾಯುತ್ತವೆ. ಆಮೇಲೆ "ವಿಪಿಎನ್ ಹಾಕಿದರೆ ಇಂಟರ್ನೆಟ್ಟೇ ಹೋಗುತ್ತದೆ" ಅಂತ ಹೊಸ ಪ್ರಶ್ನೆ ಹಾಕಬೇಕಾಗುತ್ತದೆ.

ಸರಿಯಾದ ಮದ್ದು ಮನೆ ರೂಟರ್‌ನ ಲ್ಯಾನ್ (ಮನೆಯೊಳಗಿನ) ಅಡ್ರೆಸ್ ಬದಲಾಯಿಸುವುದು. 192.168.187 ಅಥವಾ 10.73.41 ಥರ ಯಾರೂ ಸುಲಭಕ್ಕೆ ಆರಿಸದ ಸಂಖ್ಯೆ ಕೊಡಿ. ನಾನಾದರೆ 192.168ರಲ್ಲೇ ಇರುತ್ತೇನೆ, ಯಾಕೆಂದರೆ ಇಡೀ 10.0.0.0/8 ಅನ್ನು ಟನೆಲ್‌ಗೆ ತಳ್ಳುವ ಆಫೀಸ್‌ಗಳು ಬೇಕಾದಷ್ಟಿವೆ. ಬದಲಾಯಿಸಿದ ಮೇಲೆ ಎಲ್ಲ ಡಿವೈಸ್‌ಗಳೂ ಹೊಸ ಅಡ್ರೆಸ್ ತೆಗೆದುಕೊಳ್ಳಬೇಕು. ಕೈಯಾರೆ ಸ್ಥಿರ ಅಡ್ರೆಸ್ ಕೊಟ್ಟ ಪ್ರಿಂಟರ್, ಕ್ಯಾಮೆರಾ ಇದ್ದರೆ ಅವನ್ನು ಮರೆಯಬೇಡಿ.

ರೂಟರ್ ನಿಮ್ಮ ಕೈಯಲ್ಲಿ ಇಲ್ಲ, ಬಾಡಿಗೆ ಮನೆಯದು ಅಂದರೆ ತಾತ್ಕಾಲಿಕ ದಾರಿ ಒಂದಿದೆ. ಆ ಒಂದು ಸರ್ವರ್‌ಗೆ ಮಾತ್ರ /32 ರೂಟ್ ಹಾಕಿ: "ರೂಟ್ ಆಡ್ 192.168.1.20 ಮಾಸ್ಕ್ 255.255.255.255 10.8.0.1". ಅಡ್ಮಿನ್ ಆಗಿ ತೆರೆದ ಪ್ರಾಂಪ್ಟ್ ಬೇಕು, ಗೇಟ್‌ವೇ ಜಾಗದಲ್ಲಿ ನಿಮ್ಮ ಟನೆಲ್‌ನದೇ ಇರಬೇಕು. /32ಕ್ಕಿಂತ ನಿಖರ ಯಾವುದೂ ಇಲ್ಲ, ಹಾಗಾಗಿ ವೈಫೈ ಸಾಲನ್ನು ಇದು ಸೋಲಿಸುತ್ತದೆ. ಆದರೆ ಸಿಸ್ಕೋ ಎನಿಕನೆಕ್ಟ್ (ಈಗಿನ ಹೆಸರು ಸಿಸ್ಕೋ ಸೆಕ್ಯೂರ್ ಕ್ಲೈಂಟ್) ಥರದ ಕ್ಲೈಂಟ್‌ಗಳು ರೂಟ್ ಟೇಬಲ್ ಮೇಲೆ ಕಣ್ಣಿಟ್ಟಿರುತ್ತವೆ, ನೀವು ಹಾಕಿದ್ದನ್ನು ಅವೇ ಕಿತ್ತುಹಾಕಬಹುದು. ಆಗ ಅದರ ಜೊತೆ ಗುದ್ದಾಡಬೇಡಿ, ಆಫೀಸಿನ ಅಡ್ಮಿನ್‌ಗೆ ಹೇಳಿ. ಎಲ್ಲ ಟ್ರಾಫಿಕ್ ಟನೆಲ್‌ನಲ್ಲೇ ಹೋಗಬೇಕು ಅಂತ ಆಫೀಸ್ ನಿಯಮ ಇದ್ದರೂ ಅಷ್ಟೇ, ಕೇಳದೆ ತಪ್ಪಿಸುವುದು ಸರಿಯಲ್ಲ.

ಲಿನಕ್ಸ್‌ನಲ್ಲಿ ಇರುವವರಿಗೆ "ಐಪಿ ರೂಟ್ ಗೆಟ್ 192.168.1.20" ಅನ್ನುವುದು ಚಿನ್ನದಂಥ ಕಮಾಂಡ್. ಇಡೀ ಪಟ್ಟಿ ಓದಬೇಕಿಲ್ಲ, ಈ ಅಡ್ರೆಸ್‌ಗೆ ಯಾವ ಇಂಟರ್‌ಫೇಸ್‌ನಿಂದ ಹೋಗುತ್ತೇನೆ ಅಂತ ಒಂದೇ ಸಾಲಲ್ಲಿ ಹೇಳುತ್ತದೆ. ಮ್ಯಾಕ್‌ನಲ್ಲಿ "ರೂಟ್ ಮೈನಸ್ ಎನ್ ಗೆಟ್", ಪವರ್‌ಶೆಲ್‌ನಲ್ಲಿ "ಫೈಂಡ್-ನೆಟ್‌ರೂಟ್". ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಹಾಕಿಕೊಂಡವರು ಇನ್ನೊಂದು ನೋಡಿ. ಅದು ತಾನಾಗೇ 172.17.0.0/16 ಹಿಡಿದುಕೊಳ್ಳುತ್ತದೆ. ಆಫೀಸ್ ಸರ್ವರ್ 172.17ರಲ್ಲಿ ಇದ್ದರೆ ಇದೇ ಕಥೆ.

ಮನೆ ಅಡ್ರೆಸ್ ಬೇರೆ ಇದ್ದೂ ಸರ್ವರ್ ಸಿಗದಿದ್ದರೆ? ಆಗ ಟನೆಲ್‌ಗೆ ಆ ರೂಟ್ ಬಂದಿದೆಯಾ ನೋಡಿ. ಸ್ಪ್ಲಿಟ್ ಟನೆಲಿಂಗ್‌ನಲ್ಲಿ ಪಟ್ಟಿಯಲ್ಲಿ ಇರುವ ನೆಟ್‌ವರ್ಕ್ ಮಾತ್ರ ಟನೆಲ್‌ಗೆ ಹೋಗುತ್ತದೆ, ಉಳಿದದ್ದು ನೇರ ಇಂಟರ್ನೆಟ್‌ಗೆ. ವಿಂಡೋಸ್‌ನ ಸ್ವಂತ ವಿಪಿಎನ್‌ನಲ್ಲಿ ರಿಮೋಟ್ ಡೀಫಾಲ್ಟ್ ಗೇಟ್‌ವೇ ಬಳಸುವ ಟಿಕ್ ತೆಗೆದರೆ, ನಿಮಗೆ ಸಿಕ್ಕ ವಿಪಿಎನ್ ಅಡ್ರೆಸ್ ನೋಡಿ ಅದು ಹಳೇ ಕ್ಲಾಸ್ ಲೆಕ್ಕದಲ್ಲಿ (ಅಡ್ರೆಸ್‌ನ ಮೊದಲ ಅಂಕಿ ನೋಡಿ ನೆಟ್‌ವರ್ಕ್ ಗಾತ್ರ ತೀರ್ಮಾನಿಸುವ ಲೆಕ್ಕ) ಒಂದು ರೂಟ್ ಹಾಕುತ್ತದೆ. ನಿಮಗೆ 10ರಿಂದ ಶುರುವಾಗುವ ಅಡ್ರೆಸ್ ಸಿಕ್ಕಿದರೆ ಇಡೀ 10.0.0.0/8. ಸರ್ವರ್ 172.16ರಲ್ಲಿ ಇದ್ದರೆ ಅದಕ್ಕೆ ರೂಟೇ ಇಲ್ಲ. "ಆಡ್-ವಿಪಿಎನ್‌ಕನೆಕ್ಷನ್‌ರೂಟ್" ಕಮಾಂಡ್‌ನಿಂದ ಆ ಕನೆಕ್ಷನ್‌ಗೆ ಸೇರಿಸಿಬಿಟ್ಟರೆ ಪ್ರತಿ ಸಲ ತಾನಾಗೇ ಬರುತ್ತದೆ.

ವೈರ್‌ಗಾರ್ಡ್ (ಇನ್ನೊಂದು ಬಗೆಯ ವಿಪಿಎನ್) ಬಳಸುವವರು ಅದರ ಕಾನ್ಫಿಗ್ ಫೈಲ್‌ನಲ್ಲಿ ಅಲೋಡ್ ಐಪೀಸ್ ಸಾಲು ನೋಡಿ. ಅದಕ್ಕೆ ಎರಡು ಕೆಲಸ. ಯಾವುದನ್ನು ಟನೆಲ್‌ಗೆ ಕಳಿಸಬೇಕು ಅಂತಲೂ ಅದೇ ಹೇಳುತ್ತದೆ, ಆ ಕಡೆಯಿಂದ ಯಾವ ಅಡ್ರೆಸ್‌ನ ಪ್ಯಾಕೆಟ್ ಒಪ್ಪಬೇಕು ಅಂತಲೂ ಅದೇ. ಹಾಗಾಗಿ ಕೈಯಿಂದ ರೂಟ್ ಮಾತ್ರ ಸೇರಿಸಿ ಈ ಸಾಲು ಮುಟ್ಟದಿದ್ದರೆ ಏನೂ ನಡೆಯುವುದಿಲ್ಲ.

ರೂಟ್ ಟನೆಲ್ ಕಡೆಗೇ ಇದೆ, ಆದರೂ ಉತ್ತರ ಬರುತ್ತಿಲ್ಲ ಅಂದರೆ ವಾಪಸ್ ದಾರಿ ಕಟ್ ಆಗಿರಬಹುದು. ವಿಪಿಎನ್ ಅಡ್ರೆಸ್‌ಗಳಿಗೆ ಹೇಗೆ ಹೋಗಬೇಕು ಅಂತ ಆಫೀಸ್ ಕಡೆಯ ರೂಟರ್‌ಗೆ ಗೊತ್ತಿರಬೇಕು. ಅದನ್ನು ನಿಮ್ಮ ಲ್ಯಾಪ್‌ಟಾಪ್‌ನಿಂದ ಸರಿ ಮಾಡಲು ಆಗುವುದಿಲ್ಲ.

ಈಗ ಹೆಸರಿನ ವಿಷಯ. ಅಡ್ರೆಸ್ ಹೊಡೆದರೆ ಬರುತ್ತದೆ, ಹೆಸರು ಹೊಡೆದರೆ ಬರಲ್ಲ ಅಂದರೆ ರೂಟ್ ಬಿಟ್ಟು ಡಿಎನ್ಎಸ್ ಹಿಡಿಯಿರಿ. ಇಲ್ಲಿ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ, ನಿಮಗೆ ಹಾಗಾಗದಿರಲಿ. ಎನ್ಎಸ್‌ಲುಕ್‌ಅಪ್‌ನಲ್ಲಿ (ಡಿಎನ್ಎಸ್‌ಗೆ ಹೆಸರು ಕೇಳಿ ನೋಡುವ ಕಮಾಂಡ್) ಹೆಸರು ಸಿಗುತ್ತಿರಲಿಲ್ಲ, ಬ್ರೌಸರ್‌ನಲ್ಲಿ ಮಾತ್ರ ಪುಟ ತೆರೆಯುತ್ತಿತ್ತು. ಕಾರಣ ಇಷ್ಟೇ: ಈ ಡೊಮೈನ್‌ನ ಹೆಸರುಗಳನ್ನು ಆಫೀಸ್ ಡಿಎನ್ಎಸ್‌ಗೆ ಕೇಳು ಅನ್ನುವ ವಿಂಡೋಸ್ ನಿಯಮಗಳ ಪಟ್ಟಿಯನ್ನು ಎನ್ಎಸ್‌ಲುಕ್‌ಅಪ್ ನೋಡುವುದೇ ಇಲ್ಲ. ಪವರ್‌ಶೆಲ್‌ನ "ರಿಸಾಲ್ವ್-ಡಿಎನ್ಎಸ್‌ನೇಮ್" ನೋಡುತ್ತದೆ. ಮ್ಯಾಕ್‌ನಲ್ಲಿ "ಎಸ್‌ಸಿಯುಟಿಲ್ ಮೈನಸ್ ಮೈನಸ್ ಡಿಎನ್ಎಸ್", ಸಿಸ್ಟಮ್‌ಡಿ ಇರುವ ಲಿನಕ್ಸ್‌ನಲ್ಲಿ "ರಿಸಾಲ್ವ್‌ಸಿಟಿಎಲ್ ಸ್ಟೇಟಸ್" ಕೊಟ್ಟರೆ ಯಾವ ಡೊಮೈನ್‌ಗೆ ಯಾವ ಸರ್ವರ್ ಅಂತ ಕಾಣುತ್ತದೆ. ಬ್ರೌಸರ್‌ನಲ್ಲಿ ಮಾತ್ರ ಹೆಸರು ಸಿಗದಿದ್ದರೆ ಅದರ ಸೆಕ್ಯೂರ್ ಡಿಎನ್ಎಸ್ ಸೆಟ್ಟಿಂಗ್ ನೋಡಿ. ಅದು ಸಿಸ್ಟಮ್ ಅನ್ನು ಕೇಳದೆ ಹೊರಗಿನ ಡಿಎನ್ಎಸ್‌ಗೆ ನೇರ ಹೋಗುತ್ತಿರುತ್ತದೆ. ಅಲ್ಲಿ ಆಫೀಸಿನ ಒಳಗಿನ ಹೆಸರು ಹೇಗೆ ಸಿಗಬೇಕು, ಅಲ್ವಾ?

ಪಿಂಗ್ ಬರುತ್ತದೆ, ಲಾಗಿನ್ ಪುಟ ಬರುತ್ತದೆ, ಆದರೆ ದೊಡ್ಡ ಫೈಲ್ ಅರ್ಧಕ್ಕೆ ನಿಲ್ಲುತ್ತದೆ ಅಂದರೆ ಎಂಟಿಯು (ಒಂದು ಸಲಕ್ಕೆ ಕಳಿಸಬಹುದಾದ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ) ಮೇಲೆ ಅನುಮಾನ ಪಡಿ. ಟನೆಲ್ ತನ್ನ ಹೊದಿಕೆ ಸೇರಿಸುವುದರಿಂದ 1500 ಬೈಟ್‌ನ ಪ್ಯಾಕೆಟ್ ಒಳಗೆ ಹಿಡಿಯುವುದಿಲ್ಲ. ವಿಂಡೋಸ್‌ನಲ್ಲಿ ಪಿಂಗ್‌ಗೆ ಮೈನಸ್ ಎಫ್, ಮೈನಸ್ ಎಲ್ 1372 ಹಾಕಿ ನೋಡಿ. ಅದಕ್ಕೆ ಹೆಡರ್‌ನ 28 ಸೇರಿ 1400 ಆಗುತ್ತದೆ. ಬರದಿದ್ದರೆ ಇಳಿಸುತ್ತಾ ಹೋಗಿ. ಎಲ್ಲಿ ಉತ್ತರ ಬರಲು ಶುರುವಾಗುತ್ತದೋ ಆ ಅಂಕಿಗೆ 28 ಕೂಡಿಸಿ ಟನೆಲ್ ಇಂಟರ್‌ಫೇಸ್‌ನ ಎಂಟಿಯು ಮಾಡಿ.

ಇನ್ನು ವೈಫೈನಿಂದ ಹಾಟ್‌ಸ್ಪಾಟ್‌ಗೆ ಬದಲಾಯಿಸುವ ಮೊದಲು ವಿಪಿಎನ್ ಡಿಸ್‌ಕನೆಕ್ಟ್ ಮಾಡಿ. ವಿಪಿಎನ್ ಸರ್ವರ್‌ನ ಅಡ್ರೆಸ್‌ಗೆ ಹಳೇ ಗೇಟ್‌ವೇ ಮೂಲಕ ಹಾಕಿದ ಒಂಟಿ ರೂಟ್ ಕೆಲವೊಮ್ಮೆ ಹಾಗೇ ಉಳಿದುಬಿಡುತ್ತದೆ, ಮತ್ತೆ ಕನೆಕ್ಟ್ ಆಗಲು ಬಿಡುವುದಿಲ್ಲ.

ನೀವು ಇವತ್ತು ಮಾಡಬೇಕಾದ್ದು ಇಷ್ಟು. ಮನೆ ವೈಫೈನಲ್ಲಿ ವಿಪಿಎನ್ ಹಾಕದೆ ಒಮ್ಮೆ, ಹಾಕಿ ಒಮ್ಮೆ ರೂಟ್ ಪ್ರಿಂಟ್ ಕೊಟ್ಟು, ಎರಡರಲ್ಲೂ 192.168ರಿಂದ ಶುರುವಾಗುವ ಸಾಲುಗಳನ್ನು ಇಲ್ಲಿ ಹಾಕಿ. ವಿಪಿಎನ್ ಸರ್ವರ್‌ನ ಪಬ್ಲಿಕ್ ಐಪಿ (ಇಂಟರ್ನೆಟ್‌ನಲ್ಲಿ ಕಾಣುವ ಅಡ್ರೆಸ್) ಇರುವ ಸಾಲನ್ನು ಮಾತ್ರ ಇಲ್ಲಿ ಹಾಕಬೇಡಿ. ರಾತ್ರಿ ಕೂತು ನೋಡುತ್ತೇನೆ.