ಬೆಂಗಳೂರಿನ ಎಂ.ಜಿ. ರೋಡ್ ಸುತ್ತ ನಡೆದೇ ಹೋಗಬಹುದಾದ ಕ್ರಾಫ್ಟ್ ಬಿಯರ್ ಜಾಗಗಳು

ಅಣ್ಣ, ಕಾಫಿ ಬೋರ್ಡಿನ ಕೆಲಸ ಮುಗಿಸಿ ರಾತ್ರಿ ಬಸ್ಸಿಗೆ ಮಡಿಕೇರಿಗೆ ವಾಪಸ್ಸು, ನಡುವಿನ ನಾಲ್ಕೈದು ಗಂಟೆಯಲ್ಲಿ ಆಟೋದವರ ಜೊತೆ ಜಗಳವಾಡದೆ ಒಳ್ಳೆ ಕ್ರಾಫ್ಟ್ ಬಿಯರ್ (ಸಣ್ಣ ಪ್ರಮಾಣದಲ್ಲಿ ಮಾಡುವ ಬಿಯರ್) ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಒಂದು ಸಂಜೆಗೆ ಎರಡು ಜಾಗ ಸಾಕು. ಮೂರನೆಯದರ ಹೊತ್ತಿಗೆ ನಾಲಿಗೆ ಕೆಲಸ ಮಾಡುವುದಿಲ್ಲ.

ಬೋರ್ಡ್ ಕಚೇರಿ ಹತ್ತಿರದ ವಿಧಾನಸೌಧ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಎರಡನೆಯದೇ ಎಂ.ಜಿ. ರೋಡ್. ಬ್ರಿಗೇಡ್ ರೋಡ್ ಹಿಡಿದು ಗರುಡಾ ಮಾಲ್ ಎಲ್ಲಿ ಅಂತ ಕೇಳಿಕೊಂಡು ಹೋಗಿ. ಅಲ್ಲೇ ಮ್ಯಾಗ್ರತ್ ರೋಡಿನಲ್ಲಿ ಆರ್ಬರ್ ಬ್ರೂಯಿಂಗ್ ಕಂಪನಿ ಇದೆ. ಕಹಿ ಇಷ್ಟವಿದ್ದವರು ಇಲ್ಲಿ ಐ.ಪಿ.ಎ. (ಇಂಡಿಯಾ ಪೇಲ್ ಏಲ್ ಅನ್ನುವ ಕಹಿ ಬಿಯರ್) ಕುಡಿಯಬೇಕು. ಎರಡನೆಯದು ವಿಠ್ಠಲ ಮಲ್ಯ ರೋಡಿನ ಬಿಯರ್ ಕ್ಲಬ್. ಚರ್ಚ್ ಸ್ಟ್ರೀಟ್ ಉದ್ದಕ್ಕೂ ನಡೆದು, ಸೇಂಟ್ ಮಾರ್ಕ್ಸ್ ರೋಡ್ ದಾಟಿ, ಲ್ಯಾವೆಲ್ ರೋಡ್ ಕಡೆಯಿಂದ ಹೋಗಬಹುದು. ನಿಧಾನಕ್ಕೆ ಅರ್ಧ ಗಂಟೆ. ಇಂದಿರಾನಗರದ ಟಾಯಿಟ್ ಅನ್ನುವ ಬ್ರೂವರಿಯೇ ಬೇಕು ಅಂದರೆ ಎಂ.ಜಿ. ರೋಡಿನಿಂದ ಮೂರನೇ ಸ್ಟೇಷನ್. ಆದರೆ ಶುಕ್ರವಾರ, ಶನಿವಾರ ಸಂಜೆ ಆ ಕಡೆ ತಲೆ ಹಾಕಬೇಡಿ, ಬಾಗಿಲಲ್ಲೇ ಹೊತ್ತು ಹೋಗುತ್ತದೆ. ಎಲ್ಲಿಗೇ ಆದರೂ ಹೊರಡುವ ಮೊದಲು ಒಂದು ಫೋನ್ ಮಾಡಿ. ಅಕ್ಟೋಬರ್ 2ಕ್ಕೆ, ಚುನಾವಣೆಯಿದ್ದರೆ ಮತದಾನ ಮುಗಿಯುವ ಮುಂಚಿನ 48 ಗಂಟೆ ಎಲ್ಲ ಕಡೆ ಬಂದ್.

ಬಾಗಿಲ ಮೇಲಿನ ಫಲಕದಲ್ಲಿ 'ಕ್ರಾಫ್ಟ್' ಅಂತ ಬರೆದಿದ್ದ ಮಾತ್ರಕ್ಕೆ ಅಲ್ಲೇ ಮಾಡಿದ ಬಿಯರ್ ಅಂತಲ್ಲ. ಮೈಕ್ರೋಬ್ರೂವರಿ, ಅಂದರೆ ಅಲ್ಲೇ ಬಿಯರ್ ಮಾಡುವ ಜಾಗ, ಆಗಿದ್ದರೆ ಗಾಜಿನ ಹಿಂದೆ ಸ್ಟೀಲ್ ಟ್ಯಾಂಕುಗಳು ಸಾಮಾನ್ಯವಾಗಿ ಕಾಣುತ್ತವೆ. ಕೂತ ತಕ್ಷಣ ಎರಡು ಪ್ರಶ್ನೆ ಕೇಳಿ: ಮೆನುವಿನಲ್ಲಿರುವುದರಲ್ಲಿ ಇವತ್ತು ಟ್ಯಾಪಿನಲ್ಲಿ ಯಾವುದಿದೆ, ಯಾವುದನ್ನು ಇತ್ತೀಚೆಗೆ ಟ್ಯಾಪಿಗೆ ಹಾಕಿದ್ದು? ಗೋಧಿ ಬಿಯರ್ ಮತ್ತು ಐ.ಪಿ.ಎ. ತಾಜಾ ಇದ್ದಾಗಲೇ ಚೆಂದ, ಹಳತಾದರೆ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ವಾಸನೆ ಮೊದಲು ಹೋಗುತ್ತದೆ. ಸ್ಟೌಟ್ ಅನ್ನುವ ಕಪ್ಪು ಬಿಯರ್ ಸ್ವಲ್ಪ ದಿನ ತಡೆಯುತ್ತದೆ. ಉತ್ತರ ಕೊಡಲು ವೇಟರ್ ತಡವರಿಸಿದರೆ ಬ್ರೂವರ್ (ಬಿಯರ್ ಮಾಡುವವರು) ಇದ್ದಾರಾ ಅಂತ ಕೇಳಿ, ಹೆಚ್ಚಿನವರು ಖುಷಿಯಿಂದ ಬಂದು ಮಾತಾಡುತ್ತಾರೆ.

ದೊಡ್ಡ ಗ್ಲಾಸ್ ಮೊದಲೇ ಹೇಳಬೇಡಿ, ಸ್ಯಾಂಪ್ಲರ್ ತೆಗೆದುಕೊಳ್ಳಿ, ಅಂದರೆ ಬೇರೆ ಬೇರೆ ಬಿಯರಿನ ಸಣ್ಣ ಗ್ಲಾಸುಗಳು. ಸಣ್ಣ ಗ್ಲಾಸು ಸುಮಾರು 100 ಎಂ.ಎಲ್. ಇದ್ದರೆ ಆರು ಸೇರಿ 600, ಅಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಬಾಟಲಿ. ಹಗುರದ್ದರಿಂದ ಶುರು ಮಾಡಿ: ಮೊದಲು ಗೋಧಿ, ಆಮೇಲೆ ಐ.ಪಿ.ಎ., ಕೊನೆಗೆ ಸ್ಟೌಟ್. ಶೇಕಡಾ 7–8 ಆಲ್ಕೋಹಾಲಿನದು ಯಾವುದಿದ್ದರೂ ಎಲ್ಲಕ್ಕಿಂತ ಕೊನೆಗೆ. ಕಾಫಿ ಕಪ್ಪಿಂಗ್ (ರುಚಿ ಪರೀಕ್ಷೆ) ಮಾಡುವ ಹಾಗೆಯೇ, ಮೊದಲು ಮೂಗು, ಆಮೇಲೆ ಬಾಯಿ. ತುಂಬಾ ತಣ್ಣಗೆ ಬಂದಿದ್ದರೆ ಐದು ನಿಮಿಷ ಬಿಡಿ, ಐಸ್‌ನಷ್ಟು ತಣ್ಣಗಿದ್ದರೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ ಅನ್ನಿಸುತ್ತದೆ.

ಗೋಧಿ ಬಿಯರ್ ಮಸುಕಾಗಿದ್ದರೆ ಗಾಬರಿ ಬೇಡ, ಅದು ಹಾಗೇ ಇರಬೇಕು. ಜರ್ಮನ್ ಥರದ್ದರಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಯೀಸ್ಟಿನದು. ಬೆಲ್ಜಿಯನ್ ಥರದ್ದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿರುತ್ತಾರೆ. ಆದರೆ ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಬಂದರೆ ಹುದುಗು ಪೂರ್ತಿಯಾಗುವ ಮೊದಲೇ ಟ್ಯಾಂಕ್ ತಣ್ಣಗೆ ಮಾಡಿರಬಹುದು, ಇಲ್ಲವೇ ಟ್ಯಾಪಿಗೆ ಬಿಯರ್ ತರುವ ಪೈಪ್ ಕೊಳೆಯಾಗಿದೆ. ಹುಳಿ ಬಿಯರ್ ಅಂತ ಹೆಸರಿಲ್ಲದ್ದು ವಿನೆಗರ್ ಥರ ಹುಳಿಯಾಗಿದ್ದರೂ ಬಹುಪಾಲು ಪೈಪಿನದೇ ಕಥೆ. ಒದ್ದೆ ರಟ್ಟಿನ ವಾಸನೆ ಅಂದರೆ ಗಾಳಿ ತಾಗಿ ಹಳತಾಗಿದೆ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿ ನಿಂತಿದ್ದರೆ, ನೊರೆ ಕ್ಷಣದಲ್ಲಿ ಮಾಯವಾದರೆ, ಗ್ಲಾಸು ಸರಿಯಾಗಿ ತೊಳೆದಿಲ್ಲ. ಹೇಳಿ, ಬದಲಾಯಿಸಿ ಕೊಡುತ್ತಾರೆ. ಚೊಕ್ಕ ಗ್ಲಾಸಿನಲ್ಲಿ ಪ್ರತಿ ಗುಟುಕಿಗೂ ನೊರೆ ಉಂಗುರ ಬಿಟ್ಟುಕೊಂಡು ಇಳಿಯುತ್ತದೆ.

ಊಟಕ್ಕೆ ಮೆನುವಿನಲ್ಲಿ 'ಕೂರ್ಗ್ ಪೋರ್ಕ್' ಕಂಡರೆ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಹಾಕಿದ್ದಾರಾ ಅಂತ ಕೇಳಿಯೇ ಹೇಳಿ. ಬರೀ ವಿನೆಗರ್ ಹಾಕಿ ಕಪ್ಪು ಮಾಡಿದ್ದು ನಮಗೆ ಇಳಿಯುವುದಿಲ್ಲ. ಹದವಾಗಿದ್ದರೆ ಕಾಳುಮೆಣಸಿನ ಖಾರಕ್ಕೆ ಸ್ಟೌಟ್ ಒಳ್ಳೆ ಜೋಡಿ. ಐ.ಪಿ.ಎ. ಬೇಡ, ಅದರ ಕಹಿ ಖಾರವನ್ನು ಇನ್ನೂ ಏರಿಸುತ್ತದೆ.

ವಾಪಸ್ಸಿಗೆ ಬಿಯರ್ ಕ್ಲಬ್ಬಿನಿಂದ ಕಸ್ತೂರ್ಬಾ ರೋಡ್ ಹಿಡಿದು ಕಬ್ಬನ್ ಪಾರ್ಕ್ ಸ್ಟೇಷನ್, ಅಲ್ಲಿಂದ ಅದೇ ನೇರಳೆ ಮಾರ್ಗದಲ್ಲಿ ದೀಪಾಂಜಲಿ ನಗರ. ಸ್ಯಾಟಲೈಟ್ ಬಸ್ ಸ್ಟ್ಯಾಂಡ್ ಅಲ್ಲಿಗೆ ಹತ್ತಿರ. ಕೊನೆ ಗ್ಲಾಸು ಬಸ್ಸಿಗಿಂತ ಎರಡು ಗಂಟೆ ಮೊದಲೇ ಮುಗಿಸಿ, ಸ್ಟ್ಯಾಂಡಿನಲ್ಲಿ ಒಮ್ಮೆ ಶೌಚಾಲಯಕ್ಕೆ ಹೋಗಿಯೇ ಹತ್ತಿ. ನಡುರಾತ್ರಿ ಡ್ರೈವರ್ ನಿಮಗೋಸ್ಕರ ಬಸ್ ನಿಲ್ಲಿಸುವುದಿಲ್ಲ.